ನಮ್ಮ ಕಡೆಯ ನಲವತ್ತು ಜನ

ಮೇ 12

ಚಿರಂಜೀವಿ ದೊಡ್ಡ ಕಡ್ಡಿಗೆ,

ಇಲ್ಲಿ ನಾನು ಕ್ಷೇಮ. ನನ್ನಷ್ಟು ಕ್ಷೇಮವಾಗಿರುವವನು ಈ ಬೀದಿಯಲ್ಲಿ ಇನ್ನೊಬ್ಬನಿಲ್ಲ, ಹುಡುಕಿ ನೋಡಿದ್ದೇನೆ. ನಿನ್ನ ಮಗಳು ಚಿಕ್ಕ ಕಡ್ಡಿಯೂ ಕ್ಷೇಮ. ನಿಮ್ಮ ಆರೋಗ್ಯಧಾಮದವರು ಫೋನು ಮುಟ್ಟಗೊಡುವುದಿಲ್ಲವಂತೆ, ಕಾಗದವಾದರೆ ಅಡ್ಡಿಯಿಲ್ಲವಂತೆ. ಒಳ್ಳೆಯದೇ ಆಯಿತು. ಊರ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದವನ ಬರವಣಿಗೆ ಹೇಗಿರುತ್ತದೆಂದು ನಿನ್ನ ಡಾಕ್ಟರರಿಗೂ ತೋರಿಸು. ನಮ್ಮ ಮೇಷ್ಟ್ರು ನನ್ನ ಕಾಪಿ ಪುಸ್ತಕವನ್ನು ಎತ್ತಿ ಹಿಡಿದು ಇಡೀ ತರಗತಿಗೆ ತೋರಿಸುತ್ತಿದ್ದರು. ಯಾವ ಕಾರಣಕ್ಕೆ ಎಂಬುದು ಈಗ ಬೇಡ.

ನಿನ್ನ ವಾರ್ಡಿನಾಕೆಯ ಕಾಗದ ಬಂದಾಗ ನಾನು ಒಂದು ಗೋದಾಮಿನ ಗೋಡೆಗೆ ಎರಡನೇ ಕೋಟು ಬಳಿಯುತ್ತಿದ್ದೆ. "ರೋಗಿಯ ಪುಸ್ತಕದಲ್ಲಿ ಇದ್ದದ್ದು ನಿಮ್ಮ ವಿಳಾಸ ಒಂದೇ" ಎಂದಿತ್ತು. ಬ್ರಷ್ಷನ್ನು ಡಬ್ಬಿಯಲ್ಲೇ ಬಿಟ್ಟು ಬಂದೆ. ಐವತ್ತು ವರ್ಷದ ಕಸುಬಿನಲ್ಲಿ ಬ್ರಷ್ ತೊಳೆಯದೆ ಎದ್ದದ್ದು ಅದೊಂದೇ ಸಲ.

ಒಂಬತ್ತು ವರ್ಷದ ಮಾತು ಈ ಕಾಗದದಲ್ಲಿ ಬೇಡ. ಜಾಗ ಸಾಲದು.

ನಿನ್ನ ಮನೆ ನೋಡಿದೆ. ಮೂರು ಮಹಡಿ ಹತ್ತಿದೆ, ಒಂದೇ ಉಸಿರಿಗೆ. ಮೇಲ್ಮನೆಯ ಹೊಲಿಗೆಯಮ್ಮ ಬೇರೆ ಏನಾದರೂ ಬರೆದರೆ ನಂಬಬೇಡ. ಅಡುಗೆಮನೆಯ ಗೋಡೆಗೆ ಯಾವನೋ ಪ್ರೈಮರ್ ಹಾಕದೆ ಬಣ್ಣ ಬಳಿದಿದ್ದಾನೆ, ಸಿಪ್ಪೆ ಏಳುತ್ತಿದೆ. ನಾನು ಸರಿ ಮಾಡುತ್ತೇನೆ.

ಕಡ್ಡಿ ಹೇಳಿದ ಮಾತು ಕೇಳುತ್ತಾಳೆ. ಉಣ್ಣು ಎಂದರೆ ಉಣ್ಣುತ್ತಾಳೆ, ಓದು ಎಂದರೆ ಓದುತ್ತಾಳೆ. ಒಂದು ಸಲವೂ ಅತ್ತಿಲ್ಲ. ನನ್ನ ಹಳೆಯ ಕರಾಮತ್ತೆಲ್ಲ ತೋರಿಸಿದೆ: ಕಿವಿ ಕುಣಿಸಿದೆ, ಮೂಗಿನಲ್ಲಿ ಶಿಳ್ಳೆ ಹೊಡೆದೆ. ನೋಡಿದಳು. "ಚೆನ್ನಾಗಿದೆ ಅಜ್ಜ" ಎಂದಳು, ದೊಡ್ಡವರು ಹೇಳಿದ ಹಾಗೆ. ಒಂದೇ ಒಂದು ತಕರಾರು. ಶೂ ಹಾಕಿಕೊಂಡೇ ಮಲಗುತ್ತಾಳೆ, ಲೇಸು ಕಟ್ಟಿಕೊಂಡು. ಬಿಚ್ಚೇ ಎಂದರೆ "ಇರಲಿ" ಎನ್ನುತ್ತಾಳೆ. ನಿನ್ನನ್ನು ಆಂಬುಲೆನ್ಸಿನಲ್ಲಿ ಕರೆದೊಯ್ದ ದಿನ ಅವಳನ್ನು ಬರಿಗಾಲಲ್ಲಿ ಮೇಲ್ಮನೆಗೆ ಅಟ್ಟಿದ್ದರಂತೆ. ಅದಕ್ಕೂ ಇದಕ್ಕೂ ಏನು ಸಂಬಂಧವೋ ನಾನರಿಯೆ.

ಹೆಗಲ ಮೇಲೆ ಕೂತು ನನ್ನ ಕೂದಲು ಎಳೆಯುವಾಗ ನನಗೆ "ನೀನು" ಎನ್ನುತ್ತಿದ್ದೆ. ಸಹಿ ಮಾಡಿ ಕಳಿಸಿದ ಒಪ್ಪಿಗೆ ಕಾಗದದಲ್ಲಿ "ನೀವು" ಎಂದು ಬರೆದಿದ್ದೀಯ. ಇರಲಿ. ನಾನೂ ನಿನ್ನ ಮಗಳಿಂದ ಕಲಿತೆ.

ಕೈ ತುಂಬ ಹರಸುವ,
ಮಾವ


ಮೇ 24

ಮಾವ,

ಕಾಗದ ಬಂತು. ಎರಡು ಸಲ ಓದಿದೆ.

ಇಲ್ಲಿ ಡಾಕ್ಟರು ದಿನಾ ಬೆಳಿಗ್ಗೆ ಇವತ್ತು ಏನನ್ನಿಸುತ್ತಿದೆ ಎಂದು ಕೇಳುತ್ತಾರೆ. ಏನೂ ಅನ್ನಿಸುತ್ತಿಲ್ಲ ಎನ್ನುತ್ತೇನೆ. ಬರೆದುಕೊಳ್ಳುತ್ತಾರೆ. ಕಿಟಕಿಯ ಆಚೆ ಒಂದು ನೀರಿನ ಟ್ಯಾಂಕಿದೆ. ಅದನ್ನು ನೋಡುತ್ತಾ ಕೂತರೆ ಮಧ್ಯಾಹ್ನವಾಗುತ್ತದೆ. ಅಕ್ಟೋಬರ್‌ವರೆಗಾದರೂ ಇರಬೇಕಂತೆ.

ಅಷ್ಟು ದಿನ ನಿಮಗೊಬ್ಬರಿಗೇ ಆಗುವುದಿಲ್ಲ. ನಮ್ಮ ಬಡಾವಣೆಯಲ್ಲಿ ಮಕ್ಕಳಿಗೆ, ಇಂಥ ಮನೆಗಳಿಗೆ ನೆರವು ಕೊಡುವವರು ಇದ್ದಾರೆ ಎಂದು ಕೇಳಿದ್ದೆ. ಎಲ್ಲಿ ಎಂದು ಗೊತ್ತಿಲ್ಲ. ಕಡ್ಡಿಯ ಅಪ್ಪ ತೀರಿಕೊಂಡ ಮೇಲೆ ನಾನೇ ಹೋಗಿ ವಿಚಾರಿಸಬೇಕಿತ್ತು. ಮೆಟ್ಟಿಲು ಇಳಿಯಲು ಆಗಲಿಲ್ಲ. ನೀವು ಹುಡುಕಿ.

ಅವಳನ್ನು ಮಕ್ಕಳ ನಿಲಯಕ್ಕೆ ಮಾತ್ರ ಕಳಿಸಬೇಡಿ. ನನ್ನ ಪಕ್ಕದ ಹಾಸಿಗೆಯಾಕೆ ಅಲ್ಲಿ ಬೆಳೆದವಳು. ಅಲ್ಲಿ ಬಾಗಿಲಲ್ಲೇ ಶೂ ತೆಗೆಸಿ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರಂತೆ.

ನಿಮ್ಮ ಅಕ್ಕನ ಮಗಳು


ಜೂನ್ 9

ದೊಡ್ಡ ಕಡ್ಡಿಗೆ,

ಹುಡುಕುವುದು ಎಂದೆಯಲ್ಲ, ಸರಿಯಾದವನಿಗೇ ಹೇಳಿದೆ. ಕತ್ತಲ ಗೋದಾಮಿನಲ್ಲಿ ಬಿದ್ದ ಸೂಜಿಯನ್ನು ಏಣಿಯ ಮೇಲಿಂದ ಕಂಡುಹಿಡಿದವನು ನಾನು.

ಮೊದಲು ಕಡ್ಡಿಯ ಶಾಲೆಗೆ ಹೋದೆ. ಟೀಚರು ಒಂದು ಹಾಳೆ ಕೊಟ್ಟರು. ಅದರಲ್ಲಿ ಹನ್ನೊಂದು ವಿಳಾಸ. ನಾನೂ ಕಡ್ಡಿಯೂ ಹನ್ನೊಂದಕ್ಕೂ ನಡೆದೆವು, ಎರಡು ವಾರ. ಮೊದಲನೆಯದು ಇದ್ದಲ್ಲಿ ಈಗ ಹಾಸಿಗೆ ಅಂಗಡಿ. ಅಂಗಡಿಯವ ಒಳ್ಳೆಯವನು, ಕಡ್ಡಿಯನ್ನು ಹಾಸಿಗೆಯ ಮೇಲೆ ಕೂರಿಸಿ ನೀರು ಕೊಟ್ಟ. ಆ ಹನ್ನೊಂದರಲ್ಲಿ ನಮಗೆ ದಕ್ಕಿದ ಮೊದಲ ನೆರವು ಅದೇ. ಎರಡನೆಯದರ ಬಾಗಿಲಿಗೆ ಬೀಗ, ಗೋಡೆಗೆ ಮಾತ್ರ ಹೊಸ ಬಣ್ಣ. ಇನ್ನೊಂದು ಕಡೆ ಮಗು ಮೂರು ವರ್ಷದ ಒಳಗಿರಬೇಕು. ಅದರ ಮುಂದಿನದರಲ್ಲಿ ಹನ್ನೆರಡು ದಾಟಿರಬೇಕು. ಏಳು ಯಾರಿಗೂ ಬೇಡದ ವಯಸ್ಸು ನೋಡು.

ನಾನು ಆಫೀಸುಗಳನ್ನು ಗೋಡೆ ನೋಡಿಯೇ ಅಳೆಯುತ್ತೇನೆ. ಮಗುವಿನ ಎತ್ತರದಲ್ಲಿ ಗೋಡೆ ಕೊಳೆಯಾಗಿದ್ದರೆ ಅಲ್ಲಿ ಮಕ್ಕಳು ನಿಜವಾಗಿ ಬರುತ್ತಾರೆ ಎಂದರ್ಥ. ಒಂಬತ್ತನೆಯದರಲ್ಲಿ ಹಾಗಿತ್ತು. ಗ್ರಂಥಾಲಯದ ನೆಲಮಾಳಿಗೆ, "ಸಂಜೆ ಕೋಣೆ" ಎಂದು ಬೋರ್ಡು. ಶಾಲೆ ಬಿಟ್ಟ ಮೇಲೆ ಆರೂವರೆವರೆಗೆ ಮಕ್ಕಳನ್ನು ನೋಡಿಕೊಳ್ಳುತ್ತಾರೆ, ಹಾಲು ಬ್ರೆಡ್ಡು ಕೊಡುತ್ತಾರೆ. ಗೋಡೆಯ ತುಂಬ ಕೈಗುರುತು. ಕಡ್ಡಿ ಅಲ್ಲಿ ಒಂದು ಕೈಗುರುತಿನ ಮೇಲೆ ತನ್ನ ಕೈ ಇಟ್ಟು ಅಳತೆ ನೋಡಿದಳು. ನಾನು ಕಾಣದವನಂತೆ ಇದ್ದೆ.

ಆದರೆ ಅಲ್ಲಿ ಸೇರಲು ಕುಟುಂಬ ನೆರವು ಕೇಂದ್ರದ ಚೀಟಿ ಬೇಕು. ಅದೇ ಹನ್ನೊಂದನೆಯ ವಿಳಾಸ. ಅಲ್ಲಿಂದ ವಾರಕ್ಕೆ ನಾಲ್ಕು ದಿನ ಮನೆಗೂ ಒಬ್ಬಾಕೆ ಬರುತ್ತಾಳಂತೆ, ಮಗುವಿನ ಜೊತೆ ಇರಲು. ಹೋದೆ. ಮೇಜಿನ ಹಿಂದೆ ಕನ್ನಡಕದಾಕೆ ಒಬ್ಬಳು, ಮಾತು ಕಡಿಮೆ.

"ಯಜಮಾನ್ರೇ, ಮನೇಲಿ ನಿಮಗೆ ನೆರವಿಗೆ ಯಾರ್ಯಾರಿದಾರೆ?"

ಆ ಸಾಲಿನಲ್ಲಿ ಕೂತ ಹತ್ತು ಜನರ ಮುಂದೆ ಈ ಪ್ರಶ್ನೆ!

"ಯಾರ್ಯಾರಿಲ್ಲ ಅಂತ ಕೇಳಮ್ಮ" ಅಂದೆ.

"ಅಂದ್ರೆ?"

"ನಮ್ಮ ಕಡೆ ಒಂದು ಶಿಳ್ಳೆ ಹಾಕಿದ್ರೆ ನಲವತ್ತು ಜನ ಬಂದು ನಿಲ್ತಾರೆ. ಕರ್ಕೊಂಡು ಬರೋಕೆ ಲಾರಿ ಬೇಕು."

"ನಲವತ್ತು?"

"ಮಕ್ಕಳನ್ನ ಲೆಕ್ಕಕ್ಕೆ ಹಿಡೀದೆ."

ಆಕೆ ಬರೆದುಕೊಂಡಳು. ಕಡ್ಡಿ ತಲೆ ಎತ್ತಿ ನನ್ನ ಮುಖ ನೋಡಿದಳು. ನಮ್ಮ ಮನೆತನ ಎಂಥದ್ದೆಂದು ಆಕೆಗೂ ತಿಳಿಯಬೇಕಲ್ಲವೇ? ಬಿಟ್ಟಿ ಬಿದ್ದವರೆಂದು ತಿಳಿದುಕೊಂಡಾರು. ಎದ್ದು ಬರುವಾಗ ಸಾಲಿನವರೆಲ್ಲ ಜಾಗ ಬಿಟ್ಟರು. ಚೀಟಿ ಅಂಚೆಯಲ್ಲಿ ಬರುತ್ತದಂತೆ. ಬಂದಂತೆಯೇ ಎಂದುಕೋ.

ಗೆದ್ದು ಬಂದ,
ಮಾವ


ಜುಲೈ 2

ಮಾವ,

ಕೇಂದ್ರದವರು ತಾಯಿ ಎಂದು ನನಗೂ ಒಂದು ಪ್ರತಿ ಕಳಿಸಿದ್ದಾರೆ. "ಕುಟುಂಬದ ಬೆಂಬಲ ಸಾಕಷ್ಟು ಇರುವುದರಿಂದ ಅರ್ಜಿಯನ್ನು ಪರಿಗಣಿಸಲಾಗಿಲ್ಲ." ಅದರ ಕೆಳಗೆ ಕೈಯಲ್ಲಿ 40 ಎಂದು ಬರೆದಿದೆ.

ಕಡ್ಡಿಯ ಅಪ್ಪನನ್ನು ಕೊನೆಯ ಸಲ ಕಳಿಸಿಕೊಟ್ಟ ದಿನ ನಾನಿದ್ದೆ, ಕಡ್ಡಿ ಇದ್ದಳು, ಹೊಲಿಗೆಯಮ್ಮ ಇದ್ದರು, ಅವರ ಕೆಲಸದ ಕಡೆಯಿಂದ ಇಬ್ಬರು ಬಂದಿದ್ದರು. ಐದು. ನಾನು ಎಣಿಸಿದ್ದೆ. ಮಾಡಲು ಬೇರೇನೂ ಇರಲಿಲ್ಲ.

ನಲವತ್ತು ಜನ ಯಾರು?

ನಿಮ್ಮ ಅಕ್ಕನ ಮಗಳು


ಜುಲೈ 15

ದೊಡ್ಡ ಕಡ್ಡಿಗೆ,

ಕೋಪ ಬೇಡ. ಆ ಕನ್ನಡಕದಾಕೆಗೆ ತಮಾಷೆ ತಿಳಿಯುವುದಿಲ್ಲ. ತಪ್ಪು ಆಕೆಯದು. ಹೋಗಿ ಸರಿ ಮಾಡಿಸು ಎಂದು ಹೊಲಿಗೆಯಮ್ಮ ಮೂರು ಹೊತ್ತೂ ಪೀಡಿಸುತ್ತಾಳೆ. ಹೇಳಿದ ಮಾತನ್ನು ನುಂಗಿಕೊಂಡು ಅದೇ ಸಾಲಿನಲ್ಲಿ ಹೋಗಿ ಕೂರುವವನೇ ನಾನು?

ಅದಕ್ಕಿಂತ ಒಳ್ಳೆಯ ಉಪಾಯ ಮಾಡಿದ್ದೇನೆ. ನಮ್ಮವರಿಗೆಲ್ಲ ಕಾಗದ ಹಾಕಿದ್ದೇನೆ. ನಿನ್ನ ದೊಡ್ಡಮ್ಮನ ಇಬ್ಬರು ಮಕ್ಕಳು, ಚಿಕ್ಕಪ್ಪನ ಕಡೆಯವರು, ನನ್ನ ಷಡ್ಡಕ, ಅವನ ಅಳಿಯ, ಒಟ್ಟು ಹದಿನಾಲ್ಕು ಮನೆ. "ಒಬ್ಬೊಬ್ಬರು ಒಂದೊಂದು ವಾರ ಬಂದಿರಿ, ಮಗುವಿದೆ" ಎಂದು ಬರೆದೆ. ಕಡ್ಡಿ ಅಂಚೆಚೀಟಿಗಳಿಗೆ ನಾಲಿಗೆ ತಾಗಿಸಿ ಅಂಟಿಸಿದಳು. ಎಲ್ಲ ಮುಗಿದ ಮೇಲೆ "ಇವರೆಲ್ಲ ಯಾರು ಅಜ್ಜ?" ಎಂದಳು. ನಿನ್ನವರೇ ಎಂದೆ. "ಹೌದಾ" ಎಂದಳು.

ಅಡುಗೆಮನೆ ಗೋಡೆ ಕೆರೆಯಲು ಶುರು ಮಾಡಿದ್ದೇನೆ. ಕೆರೆದಷ್ಟೂ ಒಳಗೆ ತೇವ. ಮೊಣಕಾಲಿಗೆ ಸ್ವಲ್ಪ ತರಚಿದೆ. ಏಣಿ ನನ್ನ ಮೇಲೆ ಬಿತ್ತೋ ನಾನು ಅದರ ಮೇಲೆ ಬಿದ್ದೆನೋ, ನಮ್ಮಿಬ್ಬರಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಉತ್ತರಗಳ ಹೊರೆ ಹೊರಲು ಅಂಚೆಯವನಿಗೆ ಈಗಲೇ ಹೇಳಿಟ್ಟಿರುವ,
ಮಾವ


ಆಗಸ್ಟ್ 6

ನಿಮಗೆ ನಮಸ್ಕಾರ.

ನಾನು ಮೇಲ್ಮನೆಯವಳು. ನಿಮ್ಮ ಮಾವ ಬರೆಯಬೇಡ ಎಂದಿದ್ದಾರೆ, ಆದರೂ ಬರೆಯುತ್ತಿದ್ದೇನೆ.

ಮೊನ್ನೆ ಮಂಗಳವಾರ ಅವರು ಮಗುವನ್ನು ಶಾಲೆಯಿಂದ ಕರೆತರುವಾಗ ಎರಡನೇ ಮಹಡಿಯ ತಿರುವಿನಲ್ಲಿ ತಲೆ ಸುತ್ತಿ ಬಿದ್ದರು. ಇದು ಮೊದಲ ಸಲವಲ್ಲ, ಮೂರನೆಯದು. ನಾನು ಬಟ್ಟೆ ಕೊಟ್ಟು ಬರಲು ಹೋಗಿದ್ದೆ, ಬಂದಾಗ ಐದೂವರೆ. ಮಗು ಅವರ ಪಕ್ಕದ ಮೆಟ್ಟಿಲ ಮೇಲೆ ಕೂತಿತ್ತು. ಬ್ಯಾಗು ಬೆನ್ನ ಮೇಲೇ ಇತ್ತು. ಯಾಕಮ್ಮ ಯಾರನ್ನೂ ಕೂಗಲಿಲ್ಲ ಎಂದೆ. "ಆಂಬುಲೆನ್ಸ್ ಬಂದ್ರೆ ಅಜ್ಜನೂ ಹೋಗ್ತಾರೆ" ಅಂತು. ಒಂದೂವರೆ ಗಂಟೆ ಹಾಗೇ ಕೂತಿತ್ತು. ಅವರ ಕೈ ಹಿಡಿದಿರಲಿಲ್ಲ, ಅಂಗಿಯ ತುದಿ ಹಿಡಿದಿತ್ತು.

ಈಗ ಎದ್ದು ಓಡಾಡುತ್ತಿದ್ದಾರೆ. ಡಾಕ್ಟರು ಮಗುವಿನ ಜೊತೆ ಇವರೊಬ್ಬರೇ ಇರಕೂಡದು ಎಂದಿದ್ದಾರೆ. ನಾನು ಎಷ್ಟೆಂದು ನೋಡಲಿ, ನನಗೂ ಕೆಲಸ ಇದೆ, ತಪ್ಪು ತಿಳಿಯಬೇಡಿ. ವಿಷಯ ಶಾಲೆಗೂ ಗೊತ್ತಾಗಿದೆ.

ಹೊಲಿಗೆಯವಳು


ಆಗಸ್ಟ್ 14

ಮಾವ,

ಹೊಲಿಗೆಯಮ್ಮ ಬರೆದಿದ್ದಾರೆ. ಅವರ ಮೇಲೆ ರೇಗಬೇಡಿ.

ಎಷ್ಟು ಉತ್ತರ ಬಂತು?

ನಿಮ್ಮ ಅಕ್ಕನ ಮಗಳು


ಆಗಸ್ಟ್ 22

ದೊಡ್ಡ ಕಡ್ಡಿಗೆ,

ಮೂರು.

ಒಂದರಲ್ಲಿ ನನ್ನ ಷಡ್ಡಕ ತನ್ನ ಸೊಂಟ ನೋವಿನ ಬಗ್ಗೆ ಎರಡು ಪುಟ ಬರೆದಿದ್ದಾನೆ. ಇನ್ನೊಂದರಲ್ಲಿ ಅವನ ಅಳಿಯ, ಹೊರಗಿನ ಗೋಡೆಗೆ ಯಾವ ಬಣ್ಣ ಬಾಳಿಕೆ ಬರುತ್ತದೆ ಎಂದು ಕೇಳಿದ್ದಾನೆ. ಮೂರನೆಯದು ನಿನ್ನ ದೊಡ್ಡಮ್ಮನ ಹಿರಿಯ ಮಗನದು. ಒಂದೇ ಸಾಲು. "ಆ ಮನೆಗೆ ಹೋಗಬೇಡಿ ಅಂದವನು ನೀನೇ ಅಲ್ಲವೇ ಮಾವ?"

ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡೆ. ಅಂಗಿ ಒಗೆಯುವಾಗ ತೆಗೆಯುವುದು, ಒಣಗಿದ ಮೇಲೆ ಮತ್ತೆ ಇಡುವುದು, ಹೀಗೆ ನಡೆದಿದೆ.

ಮಕ್ಕಳ ಕಚೇರಿಯಿಂದ ಒಬ್ಬಾತ ಬಂದಿದ್ದ. ಗಟ್ಟಿ ಮಾತಾಡಲಿಲ್ಲ, ಒಳ್ಳೆಯ ಮನುಷ್ಯ. ಮನೆಯೊಳಗೆಲ್ಲ ನೋಡಿದ. ಕೆರೆದ ಗೋಡೆ ನೋಡಿದ. ಸೆಪ್ಟೆಂಬರ್ ಹತ್ತರ ಒಳಗೆ ದಿನಾ ನೆರವಿಗೆ ಬರುವವರು ಯಾರೆಂದು ಬರೆದುಕೊಡದಿದ್ದರೆ, ನೀನು ವಾಪಸಾಗುವವರೆಗೆ ಕಡ್ಡಿ ನಿಲಯದಲ್ಲಿರಬೇಕಾಗುತ್ತದೆ ಎಂದ. ಹೋಗುವಾಗ ಬಗ್ಗಿ ಅವಳನ್ನು ಕೇಳಿದ:

"ನಿಂಗೆ ಏನಾದ್ರೂ ಬೇಕಾ ಪುಟ್ಟಾ?"

"ಬೇಡ."

"ಏನೂ?"

"ಶೂ ಇದೆ" ಎಂದಳು.

ಅವನಿಗೆ ಅರ್ಥವಾಗಲಿಲ್ಲ. ನಾನು ಅರ್ಥ ಹೇಳಲಿಲ್ಲ. ಬಾಯಿ ಬರಲಿಲ್ಲ ಕಣೇ. ನನ್ನ ಬಾಯಿ, ಬರಲಿಲ್ಲ.

ಮಾವ


ಸೆಪ್ಟೆಂಬರ್ 8

(ನಿನಗೆ ಒಂದು ಪ್ರತಿ. ಕೇಂದ್ರಕ್ಕೆ ಕೊಟ್ಟದ್ದು ಇದೇ. ಫಾರಂನಲ್ಲಿ ನಾಲ್ಕೇ ಗೆರೆ ಇತ್ತು, ಬೇರೆ ಹಾಳೆ ಅಂಟಿಸಿದೆ. ಮಾವ)

ಕುಟುಂಬ ನೆರವು ಕೇಂದ್ರದ ಕನ್ನಡಕದ ಅಮ್ಮನವರಿಗೆ,

ಜೂನ್ ತಿಂಗಳಲ್ಲಿ ನಾನು ನಿಮ್ಮ ಮುಂದೆ ಕೂತು ನಲವತ್ತು ಜನ ಎಂದು ಹೇಳಿದ್ದೆ. ನೀವು ಬರೆದುಕೊಂಡಿರಿ. ಅದನ್ನು ಹೊಡೆದುಹಾಕಬೇಕು.

ನಲವತ್ತು ಎಂಬ ಲೆಕ್ಕ ನನ್ನ ಬಾಯಿಗೆ ಎಲ್ಲಿಂದ ಬಂತು ಎಂದು ಯೋಚಿಸಿದೆ. ಒಂಬತ್ತು ವರ್ಷದ ಹಿಂದೆ ಈ ಮಗುವಿನ ತಾಯಿ ತನಗೆ ಬೇಕಾದವನನ್ನು ಮದುವೆಯಾಗುತ್ತೇನೆ ಎಂದಾಗ ನನ್ನ ಅಕ್ಕನ ಮನೆಯಲ್ಲಿ ನಮ್ಮವರೆಲ್ಲ ಸೇರಿದ್ದರು. ನಲವತ್ತು ಜನ. ನಾನು ಎದ್ದು ನಿಂತು, ಇವಳ ಮನೆಯ ಹೊಸ್ತಿಲನ್ನು ನಮ್ಮವರು ಯಾರೂ ತುಳಿಯಕೂಡದು ಎಂದೆ. ಆ ಹುಡುಗನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನ್ನನ್ನು ಕೇಳಿರಲಿಲ್ಲ, ಅಷ್ಟೆ. ನನ್ನ ಮಾತನ್ನು ನಮ್ಮ ಕಡೆ ಯಾರೂ ಯಾವತ್ತೂ ಕೇಳಿದವರಲ್ಲ. ಅದೊಂದನ್ನು ಕೇಳಿದರು. ನಲವತ್ತೂ ಜನ. ನನ್ನ ಅಕ್ಕನೂ ಕೇಳಿದಳು. ಎರಡು ವರ್ಷಕ್ಕೆ ತೀರಿಕೊಂಡಳು, ಮೊಮ್ಮಗಳನ್ನು ನೋಡಲಿಲ್ಲ. ಆ ಹುಡುಗ ಹೋದ ವರ್ಷ ಸತ್ತ. ನನಗೆ ಸುದ್ದಿ ಬಂದಿತ್ತು. ನಾನು ಹೋಗಲಿಲ್ಲ. ಅವತ್ತು ಕೆಲಸವೂ ಇರಲಿಲ್ಲ. ಮನೆಯಲ್ಲೇ ಕೂತಿದ್ದೆ.

ಆದ್ದರಿಂದ ನೆರವಿಗೆ ಯಾರ್ಯಾರಿದ್ದಾರೆ ಎಂಬಲ್ಲಿ ಹೀಗೆ ಬರೆದುಕೊಳ್ಳಿ. ಒಬ್ಬ. ತಾಯಿಯ ಸೋದರಮಾವ. ವಯಸ್ಸು ಅರವತ್ತೆಂಟು. ಮೂರು ಸಲ ಬಿದ್ದಿದ್ದಾನೆ, ಮತ್ತೆ ಬೀಳಬಹುದು. ಮೊಟ್ಟೆ ಬೇಯಿಸಲು, ಜಡೆ ಹೆಣೆಯಲು ಬರುತ್ತದೆ, ಜಡೆ ಸೊಟ್ಟಗಾಗುತ್ತದೆ.

ಮಗುವಿಗೆ ಏಳು ವರ್ಷ. ಶೂ ಹಾಕಿಕೊಂಡು ಮಲಗುತ್ತದೆ. ದಯವಿಟ್ಟು ಶೂ ಬೀರುವಿನಲ್ಲಿಡುವ ಕಡೆ ಕಳಿಸಬೇಡಿ.

ಸಹಿ


ಸೆಪ್ಟೆಂಬರ್ 27

ದೊಡ್ಡ ಕಡ್ಡಿಗೆ,

ಚೀಟಿ ಬಂತು. ಕಡ್ಡಿ ಸಂಜೆ ಕೋಣೆಗೆ ಹೋಗಲು ಶುರು ಮಾಡಿ ಹತ್ತು ದಿನವಾಯಿತು. ವಾರಕ್ಕೆ ನಾಲ್ಕು ದಿನ ಕೇಂದ್ರದಾಕೆ ಮನೆಗೆ ಬರುತ್ತಾಳೆ, ಉಳಿದ ದಿನ ಹೊಲಿಗೆಯಮ್ಮ ಬಂದು ಇಣುಕುತ್ತೇನೆಂದು ಬರೆದುಕೊಟ್ಟಿದ್ದಾಳೆ. ಮಕ್ಕಳ ಕಚೇರಿಯವನಿಗೆ ಅಷ್ಟು ಸಾಕಾಯಿತು.

ಆ ದಿನ ಕನ್ನಡಕದಾಕೆ ನನ್ನ ಹಾಳೆಯನ್ನು ಪೂರ್ತಿ ಓದಿದಳು. ಸಾಲಿನಲ್ಲಿ ಜನ ಕೂತಿದ್ದರು. ಹಳೆಯ ಫಾರಂ ತೆಗೆದು, ಸ್ಕೇಲು ಇಟ್ಟು 40ರ ಮೇಲೆ ನೇರ ಗೆರೆ ಎಳೆದಳು. ಪಕ್ಕದಲ್ಲಿ 1 ಎಂದು ಬರೆದಳು.

"ಮೊದಲೇ ಹೇಳಬಾರದಿತ್ತೇ ಅಜ್ಜಾ?" ಎಂದಳು.

"ಮೊದಲು ನನಗೇ ಗೊತ್ತಿರಲಿಲ್ಲಮ್ಮ" ಎಂದೆ.

ಎದ್ದು ಬರುವಾಗ ಯಾರೂ ಜಾಗ ಬಿಡಲಿಲ್ಲ. ಕಾಲುಗಳ ನಡುವೆ ದಾರಿ ಮಾಡಿಕೊಂಡು ಬಂದೆ.

ಮನೆಗೆ ಬರುವಾಕೆ ಚಿಕ್ಕ ವಯಸ್ಸಿನವಳು, ಜೋರು. ನನ್ನ ಏಣಿಯನ್ನು ಮೇಲ್ಮನೆಗೆ ಸಾಗಿಸಿಬಿಟ್ಟಿದ್ದಾಳೆ. ಶೂ ಬಿಚ್ಚು ಎಂದು ಮಗುವಿಗೆ ಹೇಳಲೇಬೇಡಿ ಎಂದಳು. ರಾತ್ರಿಯ ಶೂ ಬೇರೆ, ಹಗಲಿನ ಶೂ ಬೇರೆ ಇರಲಿ ಎಂದು ಮೆತ್ತನೆಯದೊಂದು ಜೋಡಿ ತಂದುಕೊಟ್ಟಳು. ನನ್ನ ತಲೆಗೆ ಹೊಳೆಯಬೇಕಿತ್ತು. ಹೊಳೆದಿತ್ತು ಎಂದೇ ಇಟ್ಟುಕೋ.

ನಿನ್ನೆ ಬೆಳಿಗ್ಗೆ ಎಬ್ಬಿಸಲು ಹೋದೆ. ಒಂದು ಶೂ ಮಂಚದ ಕೆಳಗಿತ್ತು. ಇನ್ನೊಂದು ಕಾಲಲ್ಲೇ ಇತ್ತು.

ಗೋಡೆ ಇನ್ನೂ ಒಣಗಿಲ್ಲ. ಬಣ್ಣ ಈಗಲೇ ಬೇಡ.

ಮಾವ


ಅಕ್ಟೋಬರ್ 13

ಮಾವ,

ನಿನ್ನ ಹಾಳೆಯ ಪ್ರತಿಯನ್ನು ಡಾಕ್ಟರಿಗೆ ತೋರಿಸಿದೆ. ಕೈಬರಹ ಚೆನ್ನಾಗಿದೆ ಎಂದರು. ಏನನ್ನಿಸಿತು ಎಂದು ಕೇಳಿದರು. ಈ ಸಲವೂ ಏನೂ ಅನ್ನಿಸಲಿಲ್ಲ ಎಂದೆ. ಆದರೆ ಅವತ್ತು ಸಂಜೆ ಊಟದ ತಟ್ಟೆಯನ್ನು ನಾನೇ ತೊಳೆದು ಇಟ್ಟೆ. ಅದನ್ನೂ ಬರೆದುಕೊಂಡಿದ್ದಾರೆ.

ಇಪ್ಪತ್ತನೇ ತಾರೀಖು ಬಿಡುತ್ತಾರೆ. ಬಸ್ಸು ಮಧ್ಯಾಹ್ನ ಎರಡಕ್ಕೆ ತಲುಪುತ್ತದೆ. ಮೂರು ಮಹಡಿ ಹತ್ತಲು ನನಗೆ ಹೊತ್ತು ಹಿಡಿಯಬಹುದು. ನಿನಗೂ ಹಿಡಿಯುತ್ತದೆ ಎಂದು ಹೊಲಿಗೆಯಮ್ಮ ಬರೆದಿದ್ದಾರೆ. ತಿರುವಿನಲ್ಲಿ ಕೂತು ಹತ್ತೋಣ.

ನಿಲ್ದಾಣಕ್ಕೆ ನೀನೊಬ್ಬ ಬಾ, ಕಡ್ಡಿಯನ್ನು ಕರೆದುಕೊಂಡು. ಲಾರಿ ಬೇಡ.

ದೊಡ್ಡ ಕಡ್ಡಿ